ರೂಪಾಯಿಗೆ ಹನ್ನೆರಡಾಣೆ ತಲೆನೋವು

ತಲೆನೋವು ಅಂದರೇನು ಅಂತಲೇ ಗೊತ್ತಿಲ್ಲದ ಮನುಷ್ಯನಿಗೂ ಹಿಟ್-6 ಎಂಬ ಪ್ರಶ್ನಾವಳಿಯಲ್ಲಿ 36 ಅಂಕ ಬರುತ್ತದೆ. ಆರು ಪ್ರಶ್ನೆಗಳು, ಒಂದೊಂದಕ್ಕೂ ಐದು ಉತ್ತರಗಳು. ‘ಎಂದೂ ಇಲ್ಲ’ ಅಂದರೆ 6, ‘ಅಪರೂಪಕ್ಕೆ’ 8, ‘ಕೆಲವೊಮ್ಮೆ’ 10, ‘ಬಹಳ ಸಲ’ 11, ‘ಯಾವಾಗಲೂ’ 13. ಎಲ್ಲದಕ್ಕೂ ‘ಎಂದೂ ಇಲ್ಲ’ ಎಂದವರಿಗೆ ಆರಾರಲೆ ಮೂವತ್ತಾರು. ಎಲ್ಲದಕ್ಕೂ ‘ಯಾವಾಗಲೂ’ ಎಂದವರಿಗೆ 78. 49ರವರೆಗೆ ತಲೆನೋವು ಬದುಕನ್ನು ಮುಟ್ಟಿಲ್ಲ ಎಂದು ಲೆಕ್ಕ. 60 ಮುಟ್ಟಿದರೆ ತೀವ್ರ ಪರಿಣಾಮ.

ಶಾಲೆಯಲ್ಲಿ ಸೊನ್ನೆ ತೆಗೆದುಕೊಂಡೇ ಬೆಳೆದ ನನಗೆ ಏನೂ ಇಲ್ಲದ್ದಕ್ಕೂ 36 ಕೊಡುವ ಔದಾರ್ಯ ಅರ್ಥವಾಗಲಿಲ್ಲ. ‘ಕೆಲವೊಮ್ಮೆ’ಯಿಂದ ‘ಬಹಳ ಸಲ’ಕ್ಕೆ ಒಂದೇ ಅಂಕದ ಏರಿಕೆ, ಉಳಿದೆಡೆ ಎರಡೆರಡು. ಇದನ್ನು ಮನಸ್ಸಿಗೆ ಬಂದಂತೆ ಹಾಕಿಲ್ಲವಂತೆ. ಬಹಳಷ್ಟು ತಲೆನೋವಿನವರ ಉತ್ತರಗಳನ್ನು ಒಟ್ಟುಗೂಡಿಸಿ, ಯಾವ ಉತ್ತರ ಎಷ್ಟು ಭಾರ ಹೊರುತ್ತದೆ ಎಂದು ಸಂಖ್ಯಾಶಾಸ್ತ್ರದಿಂದ ಲೆಕ್ಕ ಹಾಕಿ ತೂಕ ಕೊಟ್ಟಿದ್ದಾರೆ. ಇರಲಿ. ‘ಕೆಲವೊಮ್ಮೆ’ಗೂ ‘ಬಹಳ ಸಲ’ಕ್ಕೂ ನಡುವೆ ನಾವು ಹೆಣ್ಣುಮಕ್ಕಳನ್ನು ನಂಬದೇ ಹೋಗುವ ಒಂದು ದೊಡ್ಡ ಬಯಲಿದೆ ಅಂತ ನನ್ನ ಅನಿಸಿಕೆ. ಅಲ್ಲಿ ಒಂದೇ ಅಂಕವೇ?

*

ಬೆಳಗಾವಿಯ ನೆಹರು ನಗರದಲ್ಲಿ ಬದುಕುವವರಿಗೆ ಬಿಳಿ ಕೋಟು ಹಾಕಿದ ಹುಡುಗ ಹುಡುಗಿಯರು ಹೊಸಬರಲ್ಲ. 1963ರಲ್ಲಿ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು ಶುರುವಾದ ಮೇಲೆ ದಂತ ವೈದ್ಯ, ಫಾರ್ಮಸಿ, ನರ್ಸಿಂಗ್, ಫಿಸಿಯೋಥೆರಪಿ ಅಂತ ಒಂದೊಂದಾಗಿ ಬಂದು, ಕೆಎಲ್‌ಇ ಆಸ್ಪತ್ರೆಯ ಸುತ್ತಲೇ ಒಂದು ಊರು ಎದ್ದಿದೆ. ಇಲ್ಲಿ ಚಹಾದಂಗಡಿಯಲ್ಲೂ ‘ಸ್ಯಾಂಪಲ್ ಸೈಜ್ ಎಷ್ಟಾತು?’ ಅನ್ನುವ ಮಾತು ಕಿವಿಗೆ ಬೀಳುತ್ತದೆ. ಪ್ರಬಂಧ ಬರೆಯಬೇಕು, ಅದಕ್ಕೆ ಇಷ್ಟು ಜನ ರೋಗಿಗಳು ಬೇಕು, ಒಬ್ಬೊಬ್ಬರಿಗೂ ಫಾರಂ ತುಂಬಬೇಕು. ಕುತ್ತಿಗೆಯಿಂದ ಹುಟ್ಟುವ ತಲೆನೋವು, ಅರೆತಲೆನೋವು, ಒತ್ತಡದ ತಲೆನೋವು, ಯಾವುದಕ್ಕೆ ಚಿಕಿತ್ಸೆ ಕೊಟ್ಟರೂ ಮೊದಲು ಅಳೆಯಬೇಕು, ಆಮೇಲೆ ಮತ್ತೆ ಅಳೆಯಬೇಕು.

ತಲೆನೋವನ್ನು ಅಳೆಯುವುದು ಹೇಗೆ? ಬಿ.ಪಿ.ಗೆ ಪಟ್ಟಿ ಇದೆ, ಸಕ್ಕರೆಗೆ ಸೂಜಿ ಇದೆ. ಅರೆತಲೆನೋವಿನವರ ಸ್ಕ್ಯಾನ್ ತೆಗೆದರೆ ಬಹುಪಾಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಉಳಿಯುವುದು ಕೇಳುವುದೊಂದೇ.

*

ಆಸ್ಪತ್ರೆಯ ಒಂದು ಬೆಂಚಿನ ಮೇಲೆ ಕೇಳಿಸಿಕೊಂಡದ್ದು. ಖಾನಾಪುರ ತಾಲೂಕಿನ ಪಾರಿಶ್ವಾಡದ ಕಡೆಯ ಹೆಣ್ಣುಮಗಳು, ಜೊತೆಗೆ ನಾದಿನಿ. ಕೇಳುವವಳು ಇಪ್ಪತ್ತೈದು ದಾಟದ ಹುಡುಗಿ, ಕೈಯಲ್ಲಿ ರಟ್ಟಿಗೆ ಸಿಕ್ಕಿಸಿದ ಹಾಳೆ.

“ಹಿಂದಿನ ಮೂರು ತಿಂಗಳದಾಗ ತಲಿನೋವಿನ ಸಲುವಾಗಿ ಎಷ್ಟು ದಿವಸ ಮನಿಗೆಲಸ ಬಿಟ್ಟೀರಿ ಅಕ್ಕಾರ?”

“ಬಿಡೂದು ಹೆಂಗ್ರಿ ಬಾಯಾರ? ನಾ ಬಿಟ್ರ ಎಮ್ಮಿ ಹಿಂಡಾವರು ಯಾರು?”

“ಹಂಗಾದ್ರ ಸೊನ್ನಿ ಬರಕೊಳ್ಳಲ್ರಿ?”

“ಬರಕೋರ್ರಿ.”

ನಾದಿನಿ ತಡೆದಳು: “ಸೊನ್ನಿ ಯಾಕ್ರಿ? ಮೊನ್ನೆ ಅಮಾಸಿ ದಿನ ವಾಂತಿ ಮಾಡಕೋತ ರೊಟ್ಟಿ ಬಡದಾಳ್ರಿ ಈಕಿ. ಬಡಿಯೂದು, ಹಿತ್ತಲಕ್ಕ ಓಡೂದು, ಬಂದು ಮತ್ತ ಬಡಿಯೂದು.”

ಹುಡುಗಿ ಪೆನ್ನು ಎತ್ತಿ ಹಿಡಿದು ಮುಂದಿನ ಪ್ರಶ್ನೆಗೆ ಹೋದಳು. “ಅರ್ಧಕ್ಕರ್ಧ ಕೆಲಸ ಆಗಲಾರದ ದಿವಸ ಎಷ್ಟು?”

“ಅರ್ಧಾ ರೊಟ್ಟಿ ಬಡದು ಬಿಟ್ರ ಉಳದ ಅರ್ಧಾ ಮಂದಿ ಉಪಾಸ ಮಕ್ಕೋತಾರೇನ್ರಿ?”

ಮೂವರೂ ನಕ್ಕರು. ಕಡೆಗೆ ಒತ್ತಾಯಕ್ಕೆ ‘ಎರಡು’ ಅಂದಳು.

*

ಆ ಹಾಳೆಯ ಹೆಸರು ಮಿಡಾಸ್. ಮುಟ್ಟಿದ್ದೆಲ್ಲ ಚಿನ್ನವಾದ ರಾಜನಿಗೂ ಇದಕ್ಕೂ ಸಂಬಂಧವಿಲ್ಲ. ‘ಮೈಗ್ರೇನ್ ಡಿಸಬಿಲಿಟಿ ಅಸೆಸ್‌ಮೆಂಟ್’ ಎಂಬುದರ ಚಿಕ್ಕ ರೂಪ. 1990ರ ದಶಕದ ಕೊನೆಯಲ್ಲಿ ಅಮೆರಿಕದ ವಾಲ್ಟರ್ ಸ್ಟುವರ್ಟ್, ರಿಚರ್ಡ್ ಲಿಪ್ಟನ್ ಮತ್ತವರ ಜೊತೆಗಾರರು ರೂಪಿಸಿದ್ದು. ಐದು ಪ್ರಶ್ನೆಗಳು, ಎಲ್ಲಕ್ಕೂ ಉತ್ತರ ದಿನಗಳಲ್ಲಿ. ನೌಕರಿ ಅಥವಾ ಶಾಲೆ ತಪ್ಪಿದ ದಿನಗಳು. ಹೋದರೂ ಅರ್ಧಕ್ಕರ್ಧ ಕೆಲಸ ನಿಂತ ದಿನಗಳು. ಮನೆಗೆಲಸ ಬಿಟ್ಟ ದಿನಗಳು. ಮನೆಗೆಲಸ ಅರ್ಧವಾದ ದಿನಗಳು. ಬಂಧುಬಳಗ, ಮದುವೆ ಮುಂಜಿ, ಮೋಜು ತಪ್ಪಿದ ದಿನಗಳು. ಕೂಡಿಸಿದರೆ ಅಂಕ. 0ಯಿಂದ 5 ಒಂದನೇ ದರ್ಜೆ, 6ರಿಂದ 10 ಎರಡನೆಯದು, 11ರಿಂದ 20 ಮೂರನೆಯದು, 21 ಆದರೆ ನಾಲ್ಕು. ನೋವು ಎಷ್ಟು ಜೋರು ಎಂಬ ಪ್ರಶ್ನೆಯೂ ಕೊನೆಗಿದೆ. ಅದನ್ನು ಕೂಡಿಸುವುದಿಲ್ಲ! ಜಾಣತನವೇ ಇರಬೇಕು: ನೋವು ಒಬ್ಬೊಬ್ಬರಿಗೆ ಒಂದೊಂದು ಥರ, ದಿನ ಮಾತ್ರ ಎಲ್ಲರಿಗೂ ದಿನವೇ ಎಂದು ಲೆಕ್ಕ ಹಾಕಿದ್ದಾರೆ.

ಪಾರಿಶ್ವಾಡದವಳ ಲೆಕ್ಕ: 0, 0, 0, 2. ಬಂಧುಬಳಗದ ಪ್ರಶ್ನೆಗೆ ತಂಗಿಯ ಮಗಳ ಮದುವೆ, ಒಂದು ಜಾತ್ರೆ, ಒಂದು ಸೀಮಂತ, ಹೀಗೆ 3. ಒಟ್ಟು 5. ಒಂದನೇ ದರ್ಜೆ. ತೊಂದರೆ ಇಲ್ಲ ಅಥವಾ ಅತ್ಯಲ್ಪ.

*

ಮೂರು ತಿಂಗಳಲ್ಲಿ ತೊಂಬತ್ತು ದಿನ. ಆದರೆ ಮಿಡಾಸ್ ಅಂಕ 270ರವರೆಗೂ ಹೋಗಬಹುದು! ಒಂದೇ ದಿನ ಹೊಲದ ಕೆಲಸವೂ ತಪ್ಪಿ, ಮನೆಗೆಲಸವೂ ತಪ್ಪಿ, ಮದುವೆಯೂ ತಪ್ಪಿದರೆ ಆ ದಿನ ಮೂರು ದಿನವಾಗುತ್ತದೆ. ಇದು ತಪ್ಪೆಂದು ಮೊದಲು ಅನಿಸಿತು. ಆಮೇಲೆ ಸರಿಯೆನಿಸಿತು. ಎರಡು ಪಾಳಿ ದುಡಿಯುವ ಹೆಂಗಸಿನ ದಿನ ಗಂಡಸಿನ ದಿನಕ್ಕಿಂತ ಉದ್ದ ಅಂತ ಅಮೆರಿಕದ ಒಂದು ಫಾರಂ ಒಪ್ಪಿಕೊಂಡಂತಾಯಿತಲ್ಲ. ಅದು ಊಹಿಸದೇ ಹೋದದ್ದು ಬೇರೆ: ಎರಡೂ ಪಾಳಿಯಲ್ಲಿ ರಜೆ ಅನ್ನುವುದೇ ಇಲ್ಲದ ಹೆಂಗಸನ್ನು.

*

ಬೆಂಚಿನ ಮೇಲಿನದೇ ಮುಂದುವರಿಕೆ. ಮಿಡಾಸ್ ಮುಗಿಸಿ ಹಿಟ್-6 ತೆಗೆದಳು ಹುಡುಗಿ.

“ತಲಿನೋವು ಬಂದಾಗ ಒಂಚೂರು ಅಡ್ಡಾಗಬೇಕು ಅಂತ ಎಷ್ಟು ಸಲ ಅನಸತೈತ್ರಿ?”

“ಮಕ್ಕೋತೇನೇನು ಅಂತ ಕೇಳಾಕತ್ತೀರೋ, ಮಕ್ಕೋಬೇಕು ಅನಸತೈತೇನು ಅಂತ ಕೇಳಾಕತ್ತೀರೋ?”

“ಅನಸೂದು.”

“ಅನಸೂದಕ್ಕ ಏನ್ರಿ, ಯಾವಾಗಲೂ ಅನಸತೈತಿ.”

13 ಅಂಕ. ನೋವು ಜೋರಾಗಿರುವುದು ಬಹಳ ಸಲ, 11. ದಿನನಿತ್ಯದ ಕೆಲಸಕ್ಕೆ ಅಡ್ಡಿ ಅಪರೂಪಕ್ಕೆ, 8. ದಣಿವು ಬಹಳ ಸಲ, 11. ಸಿಟ್ಟು, ಬೇಸರ ಯಾವಾಗಲೂ, 13 (ನಾದಿನಿ ಗಟ್ಟಿಯಾಗಿ ತಲೆಯಾಡಿಸಿದಳು). ಗಮನ ತಪ್ಪುವುದು ಕೆಲವೊಮ್ಮೆ, 10. ಮನೆಗೆ ಬಂದು ಕೂಡಿಸಿದೆ: 66. ತೀವ್ರ.

ಒಂದೇ ತಲೆ, ಒಂದೇ ಮುಂಜಾನೆ, ಒಂದೇ ಬೆಂಚು. ಒಂದು ಹಾಳೆಯ ಪ್ರಕಾರ ಏನೂ ಆಗಿಲ್ಲ, ಇನ್ನೊಂದರ ಪ್ರಕಾರ ಬದುಕು ಹೈರಾಣ. ಒಂದು ಹಾಳೆ ಅವಳು ಬಿಟ್ಟದ್ದನ್ನು ಎಣಿಸಿತು. ಇನ್ನೊಂದು ಅವಳು ಬಿಡಬೇಕೆಂದು ಆಸೆಪಟ್ಟದ್ದನ್ನು ಎಣಿಸಿತು. ಪ್ರಬಂಧದಲ್ಲಿ ಎರಡೂ ಅಂಕ ಅಕ್ಕಪಕ್ಕದ ಕಾಲಂನಲ್ಲಿ ಕೂರುತ್ತವೆ. ಸರಾಸರಿಯಲ್ಲಿ ಎರಡರ ಜಗಳ ಯಾರಿಗೂ ಕೇಳಿಸುವುದಿಲ್ಲ.

*

ನೋವಿನ ಅಳತೆಗೆ ಹತ್ತು ಸೆಂಟಿಮೀಟರ್ ಗೆರೆಯೊಂದಿದೆ. ಎಡತುದಿ ನೋವಿಲ್ಲ, ಬಲತುದಿ ಊಹಿಸಬಲ್ಲ ಅತಿ ಕೆಟ್ಟ ನೋವು. ಅಜ್ಜನೊಬ್ಬ ಗೆರೆ ನೋಡಿ, “ಇದೇನೋ ನನಗ ತಿಳಿಯೂದಿಲ್ಲ ತಮ್ಮಾ. ರೂಪಾಯಿಗೆ ಹನ್ನೆರಡಾಣೆ ಐತಿ ಅಂತ ಬರಕೋ” ಅಂದ. ನಮ್ಮ ಕಡೆ ಹಳಬರು ಇಂದಿಗೂ ಗುಣ ಹೇಳುವುದು ಹೀಗೇ: ಹನ್ನೆರಡಾಣೆ ಆರಾಮ ಆಗೇತಿ, ಇನ್ನ ನಾಕಾಣೆ ಉಳದೈತಿ. ಹನ್ನೆರಡಾಣೆ ಅಂದರೆ ಹತ್ತಕ್ಕೆ ಏಳೂವರೆ. ಹುಡುಗ ಏಳೂವರೆ ಬರೆದುಕೊಂಡ. ನನ್ನ ಕಣ್ಣಿಗೆ ಇದು ಆ ಗೆರೆಗಿಂತ ಒಳ್ಳೆಯ ಮಾಪನ. ಹದಿನಾರು ಹೆಜ್ಜೆ ಇದೆ, ಅಳೆಯುವವನಿಗೂ ಅಳೆಸಿಕೊಳ್ಳುವವನಿಗೂ ರೂಪಾಯಿ ಒಂದೇ.

*

ಖಾನಾಪುರದ ಪೂರ್ವಕ್ಕೆ ಪಾರಿಶ್ವಾಡ, ಇಟಗಿ, ಕಕ್ಕೇರಿ. ಅಲ್ಲಿಯವರು ಕನ್ನಡದಲ್ಲಿ ನರಳುತ್ತಾರೆ. ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ. ಅಲ್ಲಿಯವರು ಬಂದರೆ ಹುಡುಗಿ ತಟ್ಟನೆ ಮರಾಠಿಗೆ ಹೊರಳುತ್ತಾಳೆ. ಫಾರಂ ಮಾತ್ರ ಒಂದೇ.

ಖಾನಾಪುರದ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ನಾಟಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯ ತನಕ ಗದ್ದೆಯಲ್ಲಿ ಬಗ್ಗಿಯೇ ಇರಬೇಕು. ಅರೆತಲೆನೋವನ್ನು ಗುರುತಿಸುವ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಒಂದು ಲಕ್ಷಣ ಹೀಗಿದೆ: ನಡೆಯುವುದು, ಮೆಟ್ಟಿಲು ಹತ್ತುವುದು ಮುಂತಾದ ಮಾಮೂಲಿ ಚಟುವಟಿಕೆಯಿಂದ ನೋವು ಹೆಚ್ಚುತ್ತದೆ, ಅಥವಾ ರೋಗಿ ಅಂಥ ಚಟುವಟಿಕೆ ತಪ್ಪಿಸುತ್ತಾನೆ. ಹಂಚಿನ ಮನೆಯಲ್ಲಿ ಮೆಟ್ಟಿಲು ಎಲ್ಲಿಂದ ಬರಬೇಕು? ‘ಬಗ್ಗಿ ಸಸಿ ಹಚ್ಚುವಾಗ ತಲಿ ಸಿಡಿತೈತೇನ್ರಿ?’ ಅಂತ ಕೇಳಿದರೆ ಉತ್ತರ ಬಾಯಿತುದಿಯಲ್ಲೇ ಇರುತ್ತದೆ. ಒಳ್ಳೆಯ ವೈದ್ಯರು ಹಾಗೆಯೇ ಕೇಳುತ್ತಾರೆ. ಫಾರಂ ಕೇಳುವುದಿಲ್ಲ.

ಇನ್ನೂ ಒಂದು. ತಲೆನೋವಿಗೆಂದು ಖಾನಾಪುರದ ಹಳ್ಳಿಯಿಂದ ನೆಹರು ನಗರಕ್ಕೆ ಬಂದರೆ ಇಡೀ ದಿನ ಹೋಯಿತು. ಮೊದಲ ಬಸ್ಸು, ಬೆಳಗಾವಿ ಬಸ್ ಸ್ಟ್ಯಾಂಡು, ಅಲ್ಲಿಂದ ಸಿಟಿ ಬಸ್ಸು, ಚೀಟಿ, ಸಾಲು, ಮತ್ತೆ ಅದೇ ದಾರಿ. ಜೊತೆಗೆ ಬಂದ ನಾದಿನಿಯ ಕೂಲಿಯೂ ಹೋಯಿತು. ತಲೆನೋವಿನಿಂದ ಕಳೆದ ದಿನಗಳಲ್ಲಿ ಇದನ್ನು ಎಣಿಸುತ್ತಾರೋ? ಅವತ್ತು ತಲೆ ನೋಯುತ್ತಿರಲಿಲ್ಲವಲ್ಲ! ನನಗೆ ಬಗೆಹರಿಯಲಿಲ್ಲ.

*

ಆಸ್ಪತ್ರೆಗೆ ಬಂದವರನ್ನಷ್ಟೇ ಅಳೆದರೆ ಬಾರದವರ ಗತಿ? ಈ ಪ್ರಶ್ನೆ ಹಿಡಿದು ನಿಮ್ಹಾನ್ಸ್‌ನವರು 2009-10ರಲ್ಲಿ ಮನೆಮನೆಗೆ ಹೋದರು. ಗೋಪಾಲಕೃಷ್ಣ ಗುರುರಾಜ್, ಗಿರೀಶ್ ಕುಲಕರ್ಣಿ, ಗಿರೀಶ್ ರಾವ್ ಮೊದಲಾದವರು. ಜೊತೆಗೆ ತಲೆನೋವಿನ ವಿರುದ್ಧದ ಜಾಗತಿಕ ಅಭಿಯಾನದ ಟಿಮೊತಿ ಸ್ಟೈನರ್. 18ರಿಂದ 65 ವಯಸ್ಸಿನ 2,329 ಜನ. ವರ್ಷದಲ್ಲಿ ಒಮ್ಮೆಯಾದರೂ ತಲೆನೋವು ಬಂದವರು ಶೇ. 63.9. ಅರೆತಲೆನೋವು ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಶೇ. 25.2. ಜಗತ್ತಿನ ಸರಾಸರಿಯನ್ನು ಏಳರಲ್ಲಿ ಒಬ್ಬರು ಎನ್ನುತ್ತಾರೆ. ಹೆಂಗಸರಲ್ಲಿ ಹೆಚ್ಚು, ಅದು ಎಲ್ಲೆಡೆಯ ಮಾತು. ಬೆಚ್ಚಿಬೀಳಿಸಿದ್ದು ಇನ್ನೊಂದು: ಪಟ್ಟಣಕ್ಕಿಂತ ಹಳ್ಳಿಯಲ್ಲಿ ತಲೆನೋವು ಹೆಚ್ಚು. ಹಾರ್ನು, ಹೊಗೆ, ಕಂಪ್ಯೂಟರು ಎಂದು ಪಟ್ಟಣವನ್ನು ಬೈಯುವ ನಮ್ಮ ಅಂಕಣಗಳೆಲ್ಲ ಏನಾಗಬೇಕು?

ಪ್ರಕಟವಾದ ಲೇಖನದ ತಲೆಬರಹದಲ್ಲಿ ‘ಕರ್ನಾಟಕ ರಾಜ್ಯ’ ಎಂದಿದೆ. ಹೋದ ಮನೆಗಳು ಬೆಂಗಳೂರು ಮತ್ತು ಅದರ ಸುತ್ತಲಿನ ಹಳ್ಳಿಗಳವು. ಬೆಳಗಾವಿಯಲ್ಲಿ ಕೂತು ಓದುವವನಿಗೆ ಇದು ಹೊಸ ಅನುಭವವೇನಲ್ಲ.

ಅವರ ಒಂದು ಪ್ರಶ್ನೆ ನನಗೆ ಬಹಳ ಹಿಡಿಸಿತು: ‘ನಿನ್ನೆ ತಲೆ ನೋಯುತ್ತಿತ್ತೇ?’ ಮೂರು ತಿಂಗಳ ಹಿಂದಿನದನ್ನು ಯಾರು ನೆನಪಿಡುತ್ತಾರೆ? ನಿನ್ನೆಯದು ಮರೆತಿರುವುದಿಲ್ಲ. ಸಾವಿರಾರು ಜನರ ‘ನಿನ್ನೆ’ಗಳನ್ನು ಕೂಡಿಸಿದರೆ ಊರಿನ ಒಂದು ದಿನ ಸಿಗುತ್ತದೆ.

*

0.441. ಅರೆತಲೆನೋವಿನ ದಾಳಿಯಲ್ಲಿರುವ ಮನುಷ್ಯನ ಆರೋಗ್ಯ ಎಷ್ಟು ನಷ್ಟವಾಗಿದೆ ಎನ್ನುವುದಕ್ಕೆ ಜಾಗತಿಕ ರೋಗಭಾರ ಅಧ್ಯಯನ ಕೊಟ್ಟ ತೂಕ. ಪೂರ್ಣ ಆರೋಗ್ಯಕ್ಕೆ 0, ಸಾವಿಗೆ 1. ಮಾಮೂಲಿ ಒತ್ತಡದ ತಲೆನೋವಿಗೆ 0.037. ಮಾತ್ರೆ ಅತಿಯಾಗಿ ನುಂಗಿ ಹುಟ್ಟುವ ತಲೆನೋವಿಗೆ 0.217. ಅಂದರೆ ವಾಂತಿ ಮಾಡುತ್ತ ರೊಟ್ಟಿ ಬಡಿದ ಆ ಹೊತ್ತಿನಲ್ಲಿ ಅವಳ ಆರೋಗ್ಯದ ಹೆಚ್ಚುಕಡಿಮೆ ಏಳಾಣೆ ಇರಲಿಲ್ಲ.

ಈ ತೂಕಗಳ ಹಿಂದಿನ ಸಮೀಕ್ಷೆಯ ಬಗೆ ಓದಿ ಕಕ್ಕಾಬಿಕ್ಕಿಯಾದೆ. ಬಾಂಗ್ಲಾದೇಶ, ಇಂಡೋನೇಷ್ಯಾ, ಪೆರು, ತಾಂಜಾನಿಯಾದ ಮನೆಗಳಲ್ಲಿ, ಅಮೆರಿಕದಲ್ಲಿ ಫೋನಿನಲ್ಲಿ, ಜೊತೆಗೆ ಅಂತರ್ಜಾಲದಲ್ಲಿ ಸಾವಿರಾರು ಜನರಿಗೆ ಇಬ್ಬರು ಕಲ್ಪಿತ ವ್ಯಕ್ತಿಗಳ ತೊಂದರೆ ಓದಿ ಹೇಳಿ ‘ಇವರಲ್ಲಿ ಯಾರು ಹೆಚ್ಚು ಆರೋಗ್ಯವಂತರು?’ ಎಂದು ಕೇಳಿದರು. ತೀರ್ಪು ಕೊಟ್ಟವರಲ್ಲಿ ಎಷ್ಟು ಜನರಿಗೆ ಅರೆತಲೆನೋವಿತ್ತೋ ದೇವರೇ ಬಲ್ಲ. ಆದರೂ ಈ ಲೆಕ್ಕ ಬರುವ ಮೊದಲು ತಲೆನೋವನ್ನು ದೊಡ್ಡ ರೋಗಗಳ ಸಾಲಿನಲ್ಲಿ ಕೂರಿಸಿದವರು ಕಡಿಮೆ. 2019ರ ಲೆಕ್ಕದಲ್ಲಿ, ಬದುಕಿದ್ದೂ ಬದುಕು ಕುಂಠಿತವಾಗುವ ವರ್ಷಗಳ ಪಟ್ಟಿಯಲ್ಲಿ ಅರೆತಲೆನೋವು ಎರಡನೆಯದಾಗಿತ್ತು, 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಮೊದಲನೆಯದು.

ಶಹಾಪುರದ ಆಯುರ್ವೇದ ಕಾಲೇಜಿನ ಕಡೆಯ ಪರಿಚಯದವರೊಬ್ಬರು ಇದನ್ನು ಕೇಳಿ, ಸುಶ್ರುತ ಹನ್ನೊಂದು ಶಿರೋರೋಗ ಹೇಳಿದ್ದಾನೆ, ಬಿಸಿಲಿನೊಡನೆ ಏರಿ ಬಿಸಿಲಿನೊಡನೆ ಇಳಿಯುವ ಸೂರ್ಯಾವರ್ತವೂ ಅದರಲ್ಲಿ ಒಂದು ಎಂದರು. ಸುಶ್ರುತನೂ ನೋವು ಎಲ್ಲಿ, ಯಾವಾಗ, ಹೇಗೆ ಎಂದು ನೋಡಿದ; ರೊಟ್ಟಿ ಯಾರು ಬಡಿದರು ಎಂದು ಕೇಳಲಿಲ್ಲ.

*

ಯಾವ ಫಾರಂನಲ್ಲೂ ಕಾಣದ ಕೆಲವು ನಷ್ಟಗಳನ್ನು ಬೆಳಗಾವಿಯ ಲೆಕ್ಕಕ್ಕೆ ಬರೆದಿಡುತ್ತೇನೆ.

ತಲೆ ಎರೆದುಕೊಳ್ಳುವುದು. ಮುಂಬೈಯ ಡಾ. ಕೆ. ರವಿಶಂಕರ್ 2006ರಲ್ಲಿ ತಲೆಸ್ನಾನದಿಂದ ಅರೆತಲೆನೋವು ಕೆರಳುವ 94 ಭಾರತೀಯ ರೋಗಿಗಳ ಬಗ್ಗೆ ವಿದೇಶಿ ಪತ್ರಿಕೆಯಲ್ಲಿ ಬರೆದರು. ನಮ್ಮ ಅಜ್ಜಿಯರಿಗೆ ಇದು ಸುದ್ದಿಯೇ ಅಲ್ಲ. ಉದ್ದ ಕೂದಲು, ಒದ್ದೆ ತಲೆ, ಕಟ್ಟಿದ ಟವೆಲ್. ಹಬ್ಬದ ಹಿಂದಿನ ದಿನ ‘ಎರಕೊಳ್ಳಲೋ ಬ್ಯಾಡೋ’ ಎಂದು ಲೆಕ್ಕ ಹಾಕುವ ಹೆಂಗಸರು ಓಣಿಗೊಬ್ಬರಿದ್ದಾರೆ. ಎರೆದುಕೊಂಡರೆ ತಲೆನೋವು, ಎರೆದುಕೊಳ್ಳದಿದ್ದರೆ ಅತ್ತೆಯ ಮಾತು.

ಉಪವಾಸ. ಸಂಕಷ್ಟಿಯ ದಿನ ಚಂದ್ರ ಕಾಣುವ ತನಕ ಊಟವಿಲ್ಲ. ಹಸಿವು ಅರೆತಲೆನೋವಿನ ಹಳೆಯ ಗೆಳೆಯ. ಒಬ್ಬಾಕೆ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನದ ಜೊತೆಗೆ ತಲೆನೋವಿಗೂ ಗುರುತು ಹಾಕುತ್ತಾಳೆ. ನನಗೆ ತೋರಿಸಿದಳು. ಸಂಕಷ್ಟಿಯ ಚೌಕಗಳಲ್ಲೆಲ್ಲ ಗುರುತು. “ದೇವರು ಹೆಂಗ ಬಿಡಲ್ರಿ?” ಅಂದಳು. ವೈದ್ಯರು ಕೇಳುವ ತಲೆನೋವಿನ ದಿನಚರಿ ಇದಕ್ಕಿಂತ ಚೆನ್ನಾಗಿರಲಾರದು.

ಗಣಪತಿ. ಅನಂತ ಚತುರ್ದಶಿಯ ಮೆರವಣಿಗೆ ಬೆಳಗಾವಿಯಲ್ಲಿ ಮರುದಿನದ ತನಕ ನಡೆಯುತ್ತದೆ. ಸದ್ದು, ಬೆಳಕು ಎರಡನ್ನೂ ತಾಳಲಾಗದ ರೋಗಕ್ಕೆ ಡಿಜೆ ಗಾಡಿಯೂ ಲೇಸರ್ ದೀಪವೂ ಒಟ್ಟಿಗೆ ಬಂದರೆ? ಆ ಹುಡುಗಿ ಮಿಡಾಸ್‌ನ ಐದನೇ ಪ್ರಶ್ನೆಯಲ್ಲಿ ‘1 ದಿನ’ ಎಂದು ಬರೆದುಕೊಳ್ಳುತ್ತಾಳೆ. ಅಮೃತಾಂಜನ ಹಚ್ಚಿ, ಕಿಟಕಿಗೆ ಕೌದಿ ಕಟ್ಟಿ ಒಳಗೆ ಕೂತವಳಿಗೆ ಅದು ವರ್ಷಕ್ಕೆ ಕಾಯುವ ಒಂದೇ ದಿನ.

ಅಂಜಿಕೆ. ನೋವಿಲ್ಲದ ದಿನ ನೋವು ಬಂದೀತೆಂಬ ಅಂಜಿಕೆ. ಇದಕ್ಕೆ ಮಾತ್ರ ಪ್ರತ್ಯೇಕ ಅಳತೆ ಬಂದಿದೆ, ಎರಡು ದಾಳಿಗಳ ನಡುವಿನ ಭಾರ ಕೇಳುವ ನಾಲ್ಕೇ ಪ್ರಶ್ನೆಗಳದು. ತಲೆನೋವಿನ ಸಲುವಾಗಿ ಯಾವುದಕ್ಕೂ ಮುಂದಾಗಿ ಒಪ್ಪಿಕೊಳ್ಳದೇ ಇರುವುದೂ ಅದರಲ್ಲಿ ಸೇರಿದೆ. ‘ನೋಡೂಣ್ರಿ, ಆದ್ರ ಬರತೇನಿ’ ಎನ್ನುವ ನಮ್ಮ ಸೌಜನ್ಯದ ಉತ್ತರದಲ್ಲಿ ಎಷ್ಟು ಜನರ ಅರೆತಲೆನೋವು ಅಡಗಿದೆಯೋ.

*

ದರ್ಜೆ ಒಂದೋ ನಾಲ್ಕೋ, ಯಾರಿಗೆ ಬೇಕು ಎನ್ನುವ ಹಾಗಿಲ್ಲ. ಮಿಡಾಸ್ ದರ್ಜೆ ನೋಡಿ ಚಿಕಿತ್ಸೆ ಆರಿಸುವ ಪದ್ಧತಿಯನ್ನು 2000ದಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಕೆಳಗಿನ ದರ್ಜೆಗೆ ಸಾದಾ ನೋವಿನ ಗುಳಿಗೆ, ಮೇಲಿನ ದರ್ಜೆಗೆ ಅರೆತಲೆನೋವಿನದೇ ಔಷಧಿ. ಹಾಗೆ ಮಾಡಿದರೆ ಫಲ ಚೆನ್ನಾಗಿದೆ ಎಂದೇ ಫಲಿತಾಂಶ. ಅದರ ತರ್ಕ ಸರಿ. ಆದರೆ ಐದು ಅಂಕದ ಪಾರಿಶ್ವಾಡದವಳು ಈ ತಕ್ಕಡಿಯಲ್ಲಿ ಸಾದಾ ಗುಳಗಿಯ ಕಡೆ ಬೀಳುತ್ತಾಳೆ. ಗುಳಗಿ ಅವಳು ಈಗಾಗಲೇ ನುಂಗುತ್ತಿದ್ದಾಳೆ. ಕಿರಾಣಿ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಸಾದಾ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮಿಶ್ರ ಮಾತ್ರೆಯಾದರೆ 10 ದಿನ, ಹೀಗೆ ಮೂರು ತಿಂಗಳು ಮೀರಿದರೆ ಮಾತ್ರೆಯೇ ತಲೆನೋವು ಹುಟ್ಟಿಸಬಹುದು. ಎಷ್ಟು ಗುಳಗಿ ಎಂದು ಮಿಡಾಸೂ ಕೇಳುವುದಿಲ್ಲ, ಹಿಟ್-6 ಕೂಡ ಕೇಳುವುದಿಲ್ಲ. ಅದು ವೈದ್ಯರ ಕೆಲಸ. ನಾನು ಕಂಡಂತೆ ಅವರು ಕೇಳುತ್ತಾರೆ, ಉತ್ತರ ಕೊಡುವಾಗ ಜನ ಅರ್ಧ ನುಂಗುತ್ತಾರೆ.

*

ಆ ಹುಡುಗಿಯನ್ನು ಚಹಾದಂಗಡಿಯಲ್ಲಿ ಕಂಡಾಗ ಕೇಳಿಯೇಬಿಟ್ಟೆ: ‘ವಾಂತಿ ಮಾಡಕೋತ ಎಷ್ಟು ದಿನ ರೊಟ್ಟಿ ಬಡದೀರಿ’ ಅಂತ ಒಂದು ಪ್ರಶ್ನೆ ಸೇರಿಸಬಾರದೇನವ್ವಾ?

“ಸೇರಸಾಕ ಬರೂದಿಲ್ರಿ ಕಾಕಾ,” ಅಂದಳು. “ಒಂದು ಪ್ರಶ್ನಿ ಬದಲಿ ಮಾಡಿದ್ರ ಅದು ಮಿಡಾಸ್ ಆಗಿ ಉಳಿಯೂದಿಲ್ಲ. ಬ್ಯಾರೆ ದೇಶದ ಅಂಕಿ ಜೋಡಿ ಹೋಲಸಾಕ ಬರೂದಿಲ್ಲ. ಗೈಡ್ ಸರ್ ಒಪ್ಪೂದಿಲ್ಲ.”

ಮಾತು ನ್ಯಾಯವಾದದ್ದು. ಊರಿಗೊಂದು ಸೇರು ಇಟ್ಟುಕೊಂಡರೆ ವ್ಯಾಪಾರ ನಡೆಯುವುದಿಲ್ಲ.

“ಮತ್ತ ಆಕಿ ಐದು ಅಂಕ?”

“ನಾನೂ ಅದನ್ನ ವಿಚಾರ ಮಾಡಾಕತ್ತೇನ್ರಿ. ಆಕಿಗೆ ಔಷಧ ಚಲೋ ಹತ್ತಿತು ಅಂತ ತಿಳಕೋರಿ. ಮೂರು ತಿಂಗಳಕ್ಕ ಮತ್ತ ಕೇಳತೇನಿ. ಐದು ಇದ್ದದ್ದು ಎಷ್ಟಕ್ಕ ಇಳಿಯಬೇಕ್ರಿ?”

ಇಳಿಯಲು ಜಾಗವೇ ಇಲ್ಲ. ಅಷ್ಟರಲ್ಲಿ ಅವಳು ಇನ್ನೊಂದು ಮಾತು ಹೇಳಿದಳು, ಅದರಿಂದ ನನ್ನ ಗೊಂದಲ ಹೆಚ್ಚಾಯಿತು. ವೈದ್ಯರು ಗಂಡನನ್ನೂ ಒಳಗೆ ಕರೆಸಿ, ಇದು ನೆಪವಲ್ಲ, ರೋಗ; ನೋವು ಬಂದ ದಿನ ಕತ್ತಲೆ ಕೋಣೆಯಲ್ಲಿ ಮಲಗಲು ಬಿಡಿ ಅಂತ ಹೇಳಿದರಂತೆ. ಗಂಡ ಹ್ಞೂಂ ಅಂದನಂತೆ. ನಾದಿನಿ, ಆ ದಿನ ಎಮ್ಮೆ ತಾನು ಹಿಂಡುತ್ತೇನೆ ಎಂದಳಂತೆ.

ಹಾಗೇ ನಡೆದುಕೊಂಡರು ಅಂತಿಟ್ಟುಕೊಳ್ಳೋಣ. ಮೂರು ತಿಂಗಳಲ್ಲಿ ಮೊದಲಿನ ಅರ್ಧದಷ್ಟೇ ನೋವು ಬಂದು, ಬಂದಾಗಲೆಲ್ಲ ಅವಳು ಮಲಗಿದಳು, ಎಂಟು ದಿನ ಅಂತಲೇ ಹಿಡಿಯೋಣ. ಮನೆಗೆಲಸ ಬಿಟ್ಟ ದಿನಗಳು: 8. ಐದರಿಂದ ಎಂಟು. ಒಂದನೇ ದರ್ಜೆಯಿಂದ ಎರಡನೆಯದಕ್ಕೆ. ಹುಡುಗಿಯ ಕೋಷ್ಟಕದಲ್ಲಿ ಈ ರೋಗಿ ಚಿಕಿತ್ಸೆಯಿಂದ ಕೆಟ್ಟವಳೆಂದು ಬೀಳುತ್ತಾಳೆ, ಹಿಟ್-6 ಕಾಲಂನಲ್ಲಿ ಸುಧಾರಿಸಿದವಳೆಂದು. ಗೈಡ್ ಸರ್ ಯಾವುದನ್ನು ನಂಬಬೇಕೆಂದು ಕೇಳಿದೆ.

“ಎರಡೂ ಬರೀತೇನ್ರಿ,” ಅಂದಳು. “ಆಮ್ಯಾಲ ಚರ್ಚಾ ಅಧ್ಯಾಯದಾಗ ನಾದಿನಿ ಬಗ್ಗೆ ಒಂದು ಸಾಲು ಬರೀಬೇಕು ಅಂತ ಮಾಡೇನಿ. ಬಿಡತಾರೋ ಇಲ್ಲೋ.”